ನಿಮಗಿದು ಗೊತ್ತೆ? ವೈ-ಫೈಗೂ ವಿಳಾಸ ಉಂಟು

ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದಲ್ಲಿ ಪಾಲಕ್ಕಾಡಿನ ಬಸ್ಸಿಗೆ ಕಾಯುತ್ತಿದ್ದೀರಿ. ಚಾವಣಿಯ ಕೆಳಗೆ ಉಪಗ್ರಹದ ಸಂಕೇತ ದುರ್ಬಲ. ಆದರೂ ಮೊಬೈಲು ನೀವಿರುವ ಜಾಗವನ್ನು ನಕ್ಷೆಯಲ್ಲಿ ತೋರಿಸಬಲ್ಲದು. ಹೇಗೆ? ಸುತ್ತಲಿನ ಅಂಗಡಿ, ಮನೆಗಳ ವೈ-ಫೈ ರೂಟರ್‌ಗಳ ನೆರವಿನಿಂದ.

ಪ್ರತಿ ರೂಟರ್ ತನ್ನದೇ ಆದ 48 ಬಿಟ್‌ಗಳ ಗುರುತುಸಂಖ್ಯೆಯನ್ನು ಸೆಕೆಂಡಿಗೆ ಸುಮಾರು 10 ಬಾರಿ ಸಾರುತ್ತಿರುತ್ತದೆ. ಪಾಸ್‌ವರ್ಡ್ ಇದ್ದರೂ ಈ ಸಂಖ್ಯೆ ಗುಟ್ಟಲ್ಲ. ದಾರಿಯಲ್ಲಿ ಸಾಗುವ ಫೋನುಗಳು ಅದನ್ನು ಜಿಪಿಎಸ್ ಸ್ಥಾನ ಮತ್ತು ಸಂಕೇತದ ಬಲದೊಂದಿಗೆ ದಾಖಲಿಸುತ್ತವೆ. ಹೀಗೆ ಕೂಡಿದ ಬೃಹತ್ ಪಟ್ಟಿಯಲ್ಲಿ ಹುಡುಕಿದರೆ ರೂಟರ್ ಇರುವ ಬೀದಿಯೇ ಸಿಗುತ್ತದೆ. ಆಸಕ್ತರು 2001ರಲ್ಲಿ ಆರಂಭಿಸಿದ ‘ವಿಗಲ್’ ಎಂಬ ಜಾಗತಿಕ ನಕ್ಷೆಯೂ ಇಂಥದ್ದೇ.

ಅನುಕೂಲದ ಜೊತೆಗೆ ಅಪಾಯವೂ ಇದೆ. ಬೀದಿಗಳ ಚಿತ್ರ ತೆಗೆಯುತ್ತಿದ್ದ ತನ್ನ ಕಾರುಗಳು ತೆರೆದ ವೈ-ಫೈಗಳಲ್ಲಿ ಹರಿಯುತ್ತಿದ್ದ ಖಾಸಗಿ ಮಾಹಿತಿಯನ್ನೂ ಸಂಗ್ರಹಿಸಿದ್ದವೆಂದು ಗೂಗಲ್ 2010ರಲ್ಲಿ ಒಪ್ಪಿಕೊಂಡಿತು. ಮರುವರ್ಷ ಆ ಕಾರುಗಳು ಬೆಂಗಳೂರಿಗೂ ಬಂದವು. ಭದ್ರತೆಯ ಕಾರಣ ನೀಡಿ ಪೊಲೀಸರು ಕೆಲವೇ ವಾರಗಳಲ್ಲಿ ತಡೆದರು. ಅದು ಸರಿಯಾದ ಎಚ್ಚರಿಕೆಯೇ ಆಗಿತ್ತು.

ನಿಮ್ಮ ಮನೆಯ ರೂಟರ್ ಗೂಗಲ್ ಕೂಡಿಸಿಟ್ಟ ಇಂಥ ಪಟ್ಟಿಯಲ್ಲಿ ಬೇಡವೇ? ವೈ-ಫೈ ಹೆಸರಿನ ಕೊನೆಗೆ ಇಂಗ್ಲಿಷ್‌ನಲ್ಲಿ ಅಂಡರ್‌ಸ್ಕೋರ್ ಚಿಹ್ನೆ, ಅದಕ್ಕಂಟಿಕೊಂಡು ‘ನೋಮ್ಯಾಪ್’ ಎಂದು ಸೇರಿಸಿ. ಪಾಸ್‌ವರ್ಡ್ ಹಾಕುವುದನ್ನಂತೂ ಮರೆಯಬೇಡಿ.