ಮುನ್ನುಗ್ಗಬೇಕಾದವರು ಹಿಂದೆ ಸರಿದಾಗ: ಡಿಕ್ ಲೆಬೋ ಅವರ ರಕ್ಷಣಾ ವ್ಯೂಹ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡವೆಂದರೆ ವಾಸ್ತವವಾಗಿ ಎರಡು ಪಡೆಗಳು: ಚೆಂಡು ತಮ್ಮ ವಶದಲ್ಲಿದ್ದಾಗ ಕಣಕ್ಕಿಳಿಯುವ ಹನ್ನೊಂದು ಮಂದಿ ಬೇರೆ, ಅದು ಎದುರಾಳಿಯ ಕೈಯಲ್ಲಿದ್ದಾಗ ಇಳಿಯುವ ಹನ್ನೊಂದು ಮಂದಿ ಬೇರೆ. ಆಕ್ರಮಣ ಪಡೆಯು ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದುವರಿಯಬೇಕು. ಮುಂದುವರಿದರೆ ಮತ್ತೆ ನಾಲ್ಕು ಯತ್ನಗಳು ಸಿಗುತ್ತವೆ, ಇಲ್ಲವಾದರೆ ಚೆಂಡು ಕೈತಪ್ಪುತ್ತದೆ. ಈ ಮುನ್ನಡೆಯನ್ನು ತಡೆಯುವ ವ್ಯೂಹವನ್ನು ರೂಪಿಸಿ, ಪ್ರತಿ ಯತ್ನಕ್ಕೂ ಮುನ್ನ ಯಾರು ಎಲ್ಲಿ ನಿಂತು ಏನು ಮಾಡಬೇಕೆಂದು ಸೂಚಿಸುವ ತರಬೇತುದಾರನನ್ನು ಡಿಫೆನ್ಸಿವ್ ಕೋಆರ್ಡಿನೇಟರ್ ಎನ್ನುತ್ತಾರೆ. ಗೆಲುವಿನ ಕೀರ್ತಿಯ ದೊಡ್ಡ ಪಾಲು ಮುಖ್ಯ ತರಬೇತುದಾರನಿಗೆ ಸಲ್ಲುವುದರಿಂದ ಈ ಹುದ್ದೆಯವರ ಹೆಸರು ಸಾಮಾನ್ಯ ಪ್ರೇಕ್ಷಕರನ್ನು ಮುಟ್ಟುವುದು ಕಡಿಮೆಯಾದರೂ, ಇದೇ ಹುದ್ದೆಯಲ್ಲಿದ್ದು ಆಟ ಆಡುವ ಬಗೆಯನ್ನೇ ಬದಲಿಸಿದವರಲ್ಲಿ ಡಿಕ್ ಲೆಬೋ ಒಬ್ಬರು.

1937ರಲ್ಲಿ ಒಹಾಯೊ ರಾಜ್ಯದ ಲಂಡನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದ ಲೆಬೋ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವುಡಿ ಹೇಯ್ಸ್ ಅವರ ಗರಡಿಯಲ್ಲಿ ಪಳಗಿದರು. 1959ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಅವರನ್ನು ಆರಿಸಿಕೊಂಡರೂ ಉಳಿಸಿಕೊಳ್ಳಲಿಲ್ಲ. ಅದೇ ವರ್ಷ ಡೆಟ್ರಾಯ್ಟ್ ಲಯನ್ಸ್ ಸೇರಿದ ಅವರು ಅಲ್ಲಿ 14 ಋತುಗಳ ಕಾಲ ಕಾರ್ನರ್‌ಬ್ಯಾಕ್ ಆಗಿ, ಅಂದರೆ ಅಂಚಿನಲ್ಲಿ ಓಡುವ ಎದುರಾಳಿಯನ್ನು ಕಾಯುವ ಹಿಂಬದಿಯ ರಕ್ಷಕನಾಗಿ, ಆಡಿದರು. ಸತತ 171 ಪಂದ್ಯಗಳನ್ನು ಆಡಿದ್ದಲ್ಲದೆ, ಎದುರಾಳಿ ಎಸೆದ ಚೆಂಡನ್ನು ನಡುವೆಯೇ ಹಿಡಿಯುವ ಇಂಟರ್‌ಸೆಪ್ಷನ್‌ಗಳನ್ನು 62 ಬಾರಿ ಸಾಧಿಸಿದರು. ಎಸೆಯುವವನ ಮನಸ್ಸನ್ನು ಓದಬಲ್ಲವರಿಗಲ್ಲದೆ ಆ ಸಂಖ್ಯೆ ದಕ್ಕುವಂಥದ್ದಲ್ಲ.

ನಿವೃತ್ತಿಯ ಮರುವರ್ಷವೇ ಫಿಲಡೆಲ್ಫಿಯಾದಲ್ಲಿ ತರಬೇತುದಾರರಾಗಿ, ಬಳಿಕ ಗ್ರೀನ್ ಬೇ ತಂಡದಲ್ಲಿ ದುಡಿದು, 1980ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಸೇರಿದ ಲೆಬೋ 1984ರಲ್ಲಿ ಅದರ ರಕ್ಷಣಾ ವಿಭಾಗದ ಹೊಣೆ ಹೊತ್ತರು. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಬಿಲ್ ವಾಲ್ಶ್ ಅವರ ಪ್ರಭಾವದಿಂದ ಚಿಕ್ಕ, ಚುರುಕು ಎಸೆತಗಳ ಆಕ್ರಮಣವು ಎಲ್ಲೆಡೆ ಹಬ್ಬುತ್ತಿದ್ದ ಕಾಲವದು. ಚೆಂಡೆಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎಂದಿನ ನಾಲ್ವರಿಗಿಂತ ಹೆಚ್ಚು ಮಂದಿಯನ್ನು ನುಗ್ಗಿಸುವ ತಂತ್ರಕ್ಕೆ ಬ್ಲಿಟ್ಜ್ ಎಂದು ಹೆಸರು. ಆದರೆ ನುಗ್ಗಿದವರು ಬಿಟ್ಟುಹೋದ ಜಾಗ ಬರಿದಾಗುತ್ತದೆ, ಹೊಸ ಆಕ್ರಮಣಕಾರರು ಚೆಂಡನ್ನು ಕ್ಷಣಾರ್ಧದಲ್ಲಿ ಅಲ್ಲಿಗೇ ಎಸೆಯುತ್ತಿದ್ದರು. ನುಗ್ಗದೆ ಉಳಿದರೆ ಎಸೆಯುವವನಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಈ ಇಕ್ಕಟ್ಟಿನಲ್ಲಿದ್ದ ಲೆಬೋ, ಹಿಂದೆ ಮಯಾಮಿ ತಂಡದ ರಕ್ಷಣೆಗೆ ಹೆಸರು ತಂದಿದ್ದ ಬಿಲ್ ಆರ್ನ್ಸ್‌ಪಾರ್ಗರ್ ಅವರೊಂದಿಗೆ ಚರ್ಚಿಸಿದರು. ಅಪಾಯವಿಲ್ಲದೆ ಒತ್ತಡ ಹೇರುವುದು ಹೇಗೆಂಬ ಅವರ ಚಿಂತನೆಯನ್ನು ಮುಂದಕ್ಕೆ ಬೆಳೆಸಿದಾಗ ಮೈದಾಳಿದ್ದೇ ಝೋನ್ ಬ್ಲಿಟ್ಜ್.

ಇದರ ತಿರುಳು ಅದಲುಬದಲು. ಮುಂಚೂಣಿಯ ಸಾಲಿನಲ್ಲಿ ನಿಲ್ಲುವ ದೈತ್ಯಕಾಯದ ಲೈನ್‌ಮನ್‌ಗಳು ನುಗ್ಗುವವರು, ಹಿಂದಿನವರು ಕಾಯುವವರು ಎಂಬುದು ವಾಡಿಕೆ. ಲೆಬೋ ವ್ಯೂಹದಲ್ಲಿ ಚೆಂಡು ಚಲಿಸಿದೊಡನೆ ಮುಂಚೂಣಿಯವನೊಬ್ಬ ಹಿಂದೆ ಸರಿದು ಮೈದಾನದ ಒಂದು ತುಣುಕನ್ನು ಕಾಯುತ್ತಾನೆ. ಅದೇ ಹೊತ್ತಿಗೆ ಎರಡನೆಯ ಸಾಲಿನ ಲೈನ್‌ಬ್ಯಾಕರ್ ಅಥವಾ ಇನ್ನೂ ಹಿಂದಿನ ರಕ್ಷಕ ಅನಿರೀಕ್ಷಿತ ದಿಕ್ಕಿನಿಂದ ನುಗ್ಗುತ್ತಾನೆ. ನುಗ್ಗುವವರ ಸಂಖ್ಯೆ ಹಲವೊಮ್ಮೆ ಐದನ್ನು ದಾಟದಿದ್ದರೂ ಯಾವ ಐವರು ಎಂಬುದು ತಿಳಿಯದೆ ಎದುರಾಳಿ ತಬ್ಬಿಬ್ಬಾಗುತ್ತಾನೆ, ತೆರವಾಗಿದೆಯೆಂದು ನಂಬಿ ಎಸೆದ ಜಾಗದಲ್ಲಿ ಯಾರೋ ನಿಂತಿರುತ್ತಾರೆ. ನೂರಮೂವತ್ತು ಕಿಲೋ ತೂಗುವವರಿಗೆ ಚೆಂಡಿನ ಬೆನ್ನು ಹತ್ತುವ ಕೆಲಸ ಕೊಡುವುದು ಮೊದಮೊದಲು ಹುಚ್ಚಾಟವೆನಿಸಿದ್ದರೆ ಆಶ್ಚರ್ಯವಿಲ್ಲ.

ಈ ವಿದ್ಯೆ ಪೂರ್ಣವಾಗಿ ಫಲಿಸಿದ್ದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿ. 1992ರಲ್ಲಿ ಅಲ್ಲಿಗೆ ಬಂದ ಲೆಬೋ 1995ರಲ್ಲಿ ಕೋಆರ್ಡಿನೇಟರ್ ಆದರು. ಆ ರಕ್ಷಣಾ ಪಡೆಗೆ ಅಭಿಮಾನಿಗಳು ಬ್ಲಿಟ್ಸ್‌ಬರ್ಗ್ ಎಂದು ಅಡ್ಡಹೆಸರಿಟ್ಟರು. ನಡುವೆ ಸಿನ್ಸಿನಾಟಿಗೆ ಮರಳಿ, 2000ದಿಂದ 2002ರವರೆಗೆ ಮುಖ್ಯ ತರಬೇತುದಾರರಾಗಿ ಅವರು ಗೆದ್ದದ್ದು 12, ಸೋತದ್ದು 33. 2004ರಲ್ಲಿ ಪಿಟ್ಸ್‌ಬರ್ಗಿಗೆ ಹಿಂದಿರುಗಿದ ಮೇಲೆ ಎಲ್ಲವೂ ಮತ್ತೆ ಹದಕ್ಕೆ ಬಂತು. ಪ್ರತಿ ಕ್ರಿಸ್‌ಮಸ್‌ಗೆ ಮಕ್ಕಳ ಕವಿತೆಯೊಂದನ್ನು ಆಟಗಾರರ ಮುಂದೆ ಬಾಯಿಪಾಠವಾಗಿ ಒಪ್ಪಿಸುತ್ತಿದ್ದ ಈ ಹಿರಿಯರ ಪಡೆಯು 2008ರ ಋತುವಿನಲ್ಲಿ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಗಜಗಳನ್ನೂ ಅತಿ ಕಡಿಮೆ ಅಂಕಗಳನ್ನೂ ಬಿಟ್ಟುಕೊಟ್ಟಿತು.

ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ 2009ರ ಫೆಬ್ರುವರಿ 1ರಂದು ಟ್ಯಾಂಪಾದಲ್ಲಿ ನಡೆಯಿತು. ಪಿಟ್ಸ್‌ಬರ್ಗ್ 10–7ರಿಂದ ಮುಂದಿತ್ತು. ಮೊದಲಾರ್ಧ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಅರಿಜೋನಾ ತಂಡ ಗೋಲುಗೆರೆಯ ಹೊಸ್ತಿಲಿಗೆ ಬಂದಿತ್ತು. ಸೂಚನೆಯಂತೆ ಲೈನ್‌ಬ್ಯಾಕರ್ ಜೇಮ್ಸ್ ಹ್ಯಾರಿಸನ್ ನುಗ್ಗಬೇಕಾಗಿತ್ತು. ಅವರು ನುಗ್ಗುವಂತೆ ತೋರಿಸಿ, ತಮ್ಮದೇ ಲೆಕ್ಕಾಚಾರದಿಂದ ಹಿಂದೆ ಸರಿದರು. ಇದನ್ನು ಗಮನಿಸದೆ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದ ಚೆಂಡು ನೇರವಾಗಿ ಹ್ಯಾರಿಸನ್ ಕೈಸೇರಿತು, ಅವರು 100 ಗಜ ಓಡಿ ಅಂಕ ಗಳಿಸಿದರು. ಅಂತಿಮ ಫಲಿತಾಂಶ 27–23 ಎಂಬುದನ್ನು ನೋಡಿದರೆ ಆ ಓಟದ ಬೆಲೆ ತಿಳಿಯುತ್ತದೆ. ಹ್ಯಾರಿಸನ್ ಮೀರಿದ್ದು ಆ ಕ್ಷಣದ ಸೂಚನೆಯನ್ನು. ಅನುಸರಿಸಿದ್ದು ಲೆಬೋ ಎರಡು ದಶಕಗಳಿಂದ ಕಲಿಸುತ್ತ ಬಂದ ಪಾಠವನ್ನು.

ಆ ಹೊತ್ತಿಗೆ ಈ ಪಾಠ ಲೀಗ್‌ನ ಸಾಮಾನ್ಯ ಸ್ವತ್ತಾಗಿತ್ತು. 2011ರ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗನ್ನು 31–25ರಿಂದ ಮಣಿಸಿದ ಗ್ರೀನ್ ಬೇ ತಂಡದ ರಕ್ಷಣೆಯನ್ನು ರೂಪಿಸಿದ್ದವರು, ಹಿಂದೆ ಪಿಟ್ಸ್‌ಬರ್ಗ್‌ನಲ್ಲಿ ಲೆಬೋ ಅವರೊಂದಿಗೇ ದುಡಿದು ಝೋನ್ ಬ್ಲಿಟ್ಜ್ ಅನ್ನು ಬೆಳೆಸಿದ್ದ ಡಾಮ್ ಕೇಪರ್ಸ್. ಅದಕ್ಕೂ ಕೆಲವು ತಿಂಗಳ ಮುಂಚೆ, 2010ರಲ್ಲಿ, ಲೆಬೋ ಅವರಿಗೆ ಕ್ಯಾಂಟನ್‌ನಲ್ಲಿರುವ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ದೊರೆತಿತ್ತು, ಆದರೆ ಅದು ದೊರೆತದ್ದು ಆಟಗಾರರೆಂಬ ನೆಲೆಯಲ್ಲಿ. ಎಷ್ಟೇ ದೊಡ್ಡ ಸಾಧನೆ ಮಾಡಿದರೂ ಸಹಾಯಕ ತರಬೇತುದಾರರಿಗೆ ಆ ಬಾಗಿಲು ತೆರೆಯುವುದು ದುರ್ಲಭ; ಆ 62 ಇಂಟರ್‌ಸೆಪ್ಷನ್‌ಗಳು ಇಲ್ಲದಿದ್ದರೆ ಝೋನ್ ಬ್ಲಿಟ್ಜ್‌ನ ಕರ್ತೃ ಹೊರಗೇ ಉಳಿಯುತ್ತಿದ್ದರೋ ಏನೋ. 2015ರಿಂದ ಟೆನೆಸಿ ಟೈಟನ್ಸ್ ತಂಡದಲ್ಲಿ ದುಡಿದ ಅವರು, 2017ರ ಋತು ಮುಗಿದು ಹೊರನಡೆದಾಗ ಎಂಬತ್ತು ವರ್ಷದವರಾಗಿದ್ದರು, ಆಟಗಾರ ಮತ್ತು ತರಬೇತುದಾರರಾಗಿ ಲೀಗ್‌ನಲ್ಲಿ ಒಂದೂ ಋತು ತಪ್ಪದೆ 59 ಋತುಗಳನ್ನು ಪೂರೈಸಿದ್ದರು.