ಮುಗಿಸಿದ ಮೂರು ಆಟಗಳು



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯಕ್ಕೆ ಹೋದಾರು. ವಿಷಯ ವಿಡಿಯೋ ಗೇಮ್. ಮಾತನಾಡುವವನು ಅರುವತ್ತು ದಾಟಿದವ, ಎಸ್.ಎಸ್.ಎಲ್.ಸಿ. ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ 2020ರ ಜನವರಿಯಲ್ಲಿ ನಿವೃತ್ತನಾದವ. ಮಂಜೇಶ್ವರದ ಈಚೆ ಒಂದು ಹಳ್ಳಿಯಲ್ಲಿ ಮನೆ. ಇಂಥವನಿಗೆ ವಿಡಿಯೋ ಗೇಮ್ ಯಾತಕ್ಕೆ ಎಂದು ನೀವು ಕೇಳುವುದು ನ್ಯಾಯವೇ. ನಾನೂ ಹಾಗೇ ಕೇಳಿದ್ದೆ.

ಕೊಚ್ಚಿಯಲ್ಲಿ ಓದುವ ಮೊಮ್ಮಗ ಬೇಸಿಗೆ ರಜೆಗೆ ಬಂದಿದ್ದಾಗ ನನ್ನ ಮೊಬೈಲಿಗೆ ಒಂದು ಆಟ ಹಾಕಿಕೊಟ್ಟ. "ಅಜ್ಜ, ಇದು ನಿಮಗೇ ಮಾಡಿದ ಹಾಗುಂಟು. ಇದರಲ್ಲಿ ಸೀಲು ಹೊಡೀಲಿಕ್ಕುಂಟು" ಎಂದ. ನಾನು ನಕ್ಕು ಬದಿಗಿಟ್ಟೆ. ಆಟಿಯ ಮಳೆ ಶುರುವಾಗಿ, ಮೊಣಗಂಟಿನ ನೋವಿನಿಂದ ಪೇಟೆಗೆ ಹೋಗುವುದು ನಿಂತಾಗ ಅದನ್ನು ತೆರೆದು ನೋಡಿದೆ. ಮಳೆ ಬಿಡುವಷ್ಟರಲ್ಲಿ ಅದು ಮುಗಿದಿತ್ತು. ಆಮೇಲೆ ಮಗ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಇನ್ನೆರಡು ಮುಗಿಸಿದೆ.

ಮುಗಿಸುವುದು ಎಂದರೇನು ಎಂದು ಮೊದಲು ಹೇಳಬೇಕು. ನಮ್ಮ ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಕಾಯಿ ಖಾಲಿಯಾದರೆ ಆಟ ಮುಗಿಯಿತು, ಮತ್ತೆ ತುಂಬಿಸಿ ಆಡಬಹುದು. ನಾನು ಹೇಳುವ ಈ ಆಟಗಳು ಹಾಗಲ್ಲ. ಇವಕ್ಕೆ ಕತೆ ಉಂಟು, ಕೊನೆಯ ಪುಟ ಉಂಟು. ಓದುವವನ ಬದಲು ಆಡುವವನು ಪುಟ ಮಗುಚುತ್ತಾನೆ, ಅಷ್ಟೇ. ಎಲ್ಲ ವಿಡಿಯೋ ಗೇಮ್‌ಗಳಲ್ಲೂ ಬಂದೂಕು ಹಿಡಿದು ಓಡುವುದೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಈ ಮೂರರಲ್ಲೂ ಆಡುವವನ ಮುಖ್ಯ ಕೆಲಸ ಕಾಗದ ನೋಡುವುದು. ನನಗೆ ಗೊತ್ತಿರುವ ಕೆಲಸ ಅದೊಂದೇ.

ಮೊದಲನೆಯದರ ಹೆಸರು 'ಪೇಪರ್ಸ್, ಪ್ಲೀಸ್'. ಲೂಕಾಸ್ ಪೋಪ್ ಎಂಬ ಅಮೆರಿಕದವನು ಹೆಚ್ಚುಕಡಿಮೆ ಒಬ್ಬನೇ ಕುಳಿತು ಮಾಡಿ 2013ರಲ್ಲಿ ಹೊರತಂದದ್ದು. ಮೊಬೈಲಿಗೆ ಬಂದದ್ದು 2022ರಲ್ಲಿ. ಊರೂರು ತಿರುಗುವಾಗ ವಿಮಾನ ನಿಲ್ದಾಣಗಳ ತಪಾಸಣೆಯ ಸಾಲಿನಲ್ಲಿ ನಿಂತು ನಿಂತು ಅವನಿಗೆ ಇದು ಹೊಳೆಯಿತಂತೆ. ಆರ್ಸ್ಟೋಟ್ಜ್ಕಾ ಎಂಬುದು ಕಲ್ಪನೆಯ ದೇಶ. ನೆರೆಯ ದೇಶದ ಜೊತೆ ಆರು ವರ್ಷ ಯುದ್ಧ ನಡೆದು ಈಗಷ್ಟೇ ಮುಗಿದಿದೆ. 1982ರ ನವೆಂಬರ್ 23ರಂದು ಗಡಿಯ ಗೇಟು ತೆರೆಯುತ್ತದೆ. ಸರಕಾರದ ಚೀಟಿ ಎತ್ತುವಿಕೆಯಲ್ಲಿ ನಿಮಗೆ ನೌಕರಿ ಸಿಕ್ಕಿದೆ. ಒಂದು ಸಣ್ಣ ಗೂಡು, ಮುಂದೆ ಮೇಜು, ಕಿಂಡಿಯ ಆಚೆ ಮುಗಿಯದ ಸಾಲು. ಒಬ್ಬೊಬ್ಬರೇ ಬಂದು ಪಾಸ್‌ಪೋರ್ಟು ಚಾಚುತ್ತಾರೆ. ಹೆಸರು, ತಾರೀಕು, ಭಾವಚಿತ್ರ, ಕೊಟ್ಟ ಊರು ಎಲ್ಲ ತಾಳೆ ನೋಡಿ ಹಸಿರು ಸೀಲೋ ಕೆಂಪು ಸೀಲೋ ಹೊಡೆಯಬೇಕು.

ಮೊದಲ ದಿನ ನಿಯಮ ಒಂದೇ: ಸ್ವದೇಶದವರು ಒಳಗೆ, ಉಳಿದವರು ಹೊರಗೆ. ಎರಡನೇ ದಿನ ವಿದೇಶದವರೂ ಬರಬಹುದು. ಮೂರನೇ ದಿನ ಅವರಿಗೆ ಟಿಕೇಟು ಬೇಕು. ನಾಲ್ಕನೇ ದಿನ ಟಿಕೇಟು ಸಾಲದು, ಪರವಾನಿಗೆ ಬೇಕು. ಐದನೇ ದಿನ ಕೆಲಸಕ್ಕೆ ಬರುವವರಿಗೆ ಇನ್ನೊಂದು ಪಾಸು. ಕೊನೆಕೊನೆಗೆ ಪೋಲಿಯೋ ಲಸಿಕೆಯ ಸರ್ಟಿಫಿಕೇಟೂ ಬರುತ್ತದೆ. ಮೇಜು ಅಷ್ಟೇ ಸಣ್ಣದು, ಕಾಗದ ಮಾತ್ರ ಬೆಳೆಯುತ್ತದೆ. ಸರಿಯಾಗಿ ನೋಡಿ ಬಿಟ್ಟ ಒಬ್ಬೊಬ್ಬರಿಗೆ ಐದು ನಾಣ್ಯ ಸಂಬಳ. ಸಂಜೆ ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ. ಬಾಡಿಗೆ, ಊಟ, ಚಳಿಗೆ ಬೆಂಕಿ, ಯಾರಿಗಾದರೂ ಕಾಯಿಲೆಯಾದರೆ ಔಷಧ. ಎಲ್ಲಕ್ಕೂ ಸಾಲುವಷ್ಟು ಬಹಳ ದಿನ ಸಿಗುವುದಿಲ್ಲ. ನಾನು ಮೊದಲ ಸಲ ಆಡಿದಾಗ ಒಂದೊಂದು ಕಾಗದವನ್ನೂ ನಿಧಾನವಾಗಿ, ಬ್ಯಾಂಕಿನ ಅಭ್ಯಾಸದಂತೆ ಎರಡೆರಡು ಸಲ ನೋಡಿದೆ. ತಪ್ಪೇ ಇಲ್ಲ! ಆದರೆ ದಿನಕ್ಕೆ ನಾಲ್ಕೈದು ಜನ ಮಾತ್ರ. ಸಾಲ ತೀರಿಸಲಾಗದೆ ಜೈಲಿಗೆ ಹೋದೆ.

ಐದನೇ ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದ ಸರಿಯಾಗಿದೆ. ಹಿಂದೆಯೇ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಎನ್ನುತ್ತಾನೆ. ಅವಳ ಹತ್ತಿರ ಪರವಾನಿಗೆ ಇಲ್ಲ. ಹಿಂದಿರುಗಿದರೆ ಕೊಲ್ಲುತ್ತಾರೆ ಎಂದು ಬೇಡುತ್ತಾಳೆ. ನಾನು ಕೆಂಪು ಸೀಲು ಹೊಡೆದೆ. ಹೊಡೆದ ಮೇಲೆ ಮೊಬೈಲು ಕೆಳಗಿಟ್ಟು ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕುಳಿತೆ.

ಯಾಕೆಂದರೆ ಇಂಥದ್ದನ್ನು ನಾನು ನಿಜವಾಗಿ ಒಮ್ಮೆ ಮಾಡಿದ್ದೇನೆ. ಎಂಬತ್ತರ ದಶಕದ ಕೊನೆ. ಶಾಖೆಯ ಹೆಸರು ಬೇಡ. ಬೀಡಿ ಕಟ್ಟುವ ಒಬ್ಬ ಮುದುಕಿ ಇನ್ನೂರು ರೂಪಾಯಿ ತೆಗೆಯಲು ಬಂದಿದ್ದಳು. ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತು, ಹೆಬ್ಬೆಟ್ಟು ಬಿಟ್ಟು ಕನ್ನಡದಲ್ಲಿ ಸಹಿ ಮಾಡುತ್ತಿದ್ದವಳು. ಮಾದರಿ ಸಹಿಯ ಕಾರ್ಡಿನಲ್ಲಿ ಹೆಸರಿನ ಕೊನೆಯ 'ಮ್ಮ'ಕ್ಕೆ ಒತ್ತು ಇತ್ತು. ಅವತ್ತಿನ ಚೀಟಿಯಲ್ಲಿ ಒತ್ತು ಬಿಟ್ಟುಹೋಗಿ ಬರೀ 'ಮ' ಇತ್ತು. ಅವಳು ಬರೆದದ್ದು ನನ್ನ ಕಣ್ಣೆದುರೇ. ಮುಖಪರಿಚಯವೂ ಇತ್ತು. ಆದರೆ ಹಿಂದಿನ ತಿಂಗಳಷ್ಟೇ ಬೇರೊಂದು ತಪ್ಪಿಗೆ ನನಗೆ ಮೆಮೋ ಸಿಕ್ಕಿತ್ತು. "ಅಜ್ಜೀ, ಸಹಿ ಕೂಡುವುದಿಲ್ಲ. ಗುರುತು ಹೇಳುವವರನ್ನು ಕರಕೊಂಡು ಬನ್ನಿ" ಎಂದೆ. "ಬರೆದದ್ದು ನಾನೇ ಅಲ್ವಾ ಮಗಾ, ನೀನೇ ನೋಡಿದ್ದಿಯಲ್ಲ" ಎಂದಳು. ನಾನು ಮುಂದಿನ ಟೋಕನ್ ಕರೆದೆ. ಎರಡು ದಿನ ಬಿಟ್ಟು ನೆರೆಮನೆಯವನ ಜೊತೆ ಬಂದು ಹಣ ತೆಗೆದುಕೊಂಡು ಹೋದಳು. ಅವತ್ತು ಅವಳು ಹೆಬ್ಬೆಟ್ಟು ಒತ್ತಿದಳು. ಹಣ ಯಾತಕ್ಕೆ ಬೇಕಿತ್ತು ಎಂದು ನಾನು ಕೇಳಲೇ ಇಲ್ಲ.

ಆಟದಲ್ಲಿ ಒಂದು ಲೆಕ್ಕ ಉಂಟು. ದಿನಕ್ಕೆ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆಯ ಚೀಟಿ, ಮೂರನೆಯದರಿಂದ ದಂಡ. ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಎರಡನೇ ಸಲ ಆಡುವಾಗ. ಹಾಗಾದರೆ ದಿನಕ್ಕೆ ಇಬ್ಬರನ್ನು ತಿಳಿದೇ ಬಿಡಬಹುದು! ಆ ಎರಡು ತಪ್ಪುಗಳನ್ನು ಅಜಾಗರೂಕತೆಯಿಂದ ಕಳೆದುಕೊಳ್ಳದೆ, ಬೇಕಾದವರಿಗಾಗಿ ಉಳಿಸಿಟ್ಟುಕೊಳ್ಳಬೇಕು. ಈ ಸಲ ಆ ಹೆಂಗಸಿಗೆ ಹಸಿರು ಸೀಲು ಹೊಡೆದೆ. ಯಂತ್ರ ಟಕಟಕ ಎಂದು ಚೀಟಿ ಉಗುಳಿತು. ಉಗುಳಲಿ. ಬ್ಯಾಂಕಿನಲ್ಲೂ ನನಗೆ ಅಷ್ಟು ಅವಕಾಶ ಇದ್ದಿರಬಹುದು, ನಾನು ಲೆಕ್ಕ ಹಾಕಿರಲಿಲ್ಲ.

ಗಡಿಯ ಮಾತು ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆಯಿಂದ ಹೆಜ್ಜೆ ತೆಗೆಯದೆಯೇ ಬೇರೆ ರಾಜ್ಯದವರಾದರು. ಆದರೂ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲದಕ್ಕೂ ಮಂಗಳೂರೇ. ತಲಪಾಡಿಯಲ್ಲಿ ಗಡಿ ಉಂಟು ಎಂಬುದು ಬಸ್ಸಿನಲ್ಲಿ ಕುಳಿತವನಿಗೆ ನೆನಪೂ ಆಗುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನ ಬಂದಾಗ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಚಿಕಿತ್ಸೆಗೆ ಹೊರಟ ರೋಗಿಗಳು ಗಡಿಯಲ್ಲೇ ನಿಂತರು, ಸಾವುಗಳಾದವು. ವ್ಯಾಜ್ಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. 2021ರಲ್ಲಿ ಮತ್ತೆ 72 ಗಂಟೆಯೊಳಗಿನ ಪರೀಕ್ಷೆಯ ವರದಿ ತನ್ನಿ ಎಂಬ ನಿಯಮ. ಈ ವಾರದ ನಿಯಮ ಮುಂದಿನ ವಾರಕ್ಕಿಲ್ಲ. ಆ ಸಾಲಿನಲ್ಲಿ ನಾನೂ ಕಾಗದ ಹಿಡಿದು ನಿಂತಿದ್ದೇನೆ. ಕಿಂಡಿಯ ಆಚೆ ಕುಳಿತ ಹುಡುಗನ ಮೇಲೆ ಅವತ್ತು ಬಂದ ಸಿಟ್ಟು, ಈ ಆಟ ಆಡಿದ ಮೇಲೆ ಸ್ವಲ್ಪ ಇಳಿದಿದೆ. ನಿಯಮ ಮಾಡಿದವರ ಮೇಲಿನದು ಇಳಿದಿಲ್ಲ.

ದೋಷವನ್ನೂ ಹೇಳಬೇಕು. ಮೊಬೈಲಿನಲ್ಲಿ ಅಕ್ಷರ ಬಹಳ ಸಣ್ಣದು, ನಾನು ಭೂತಕನ್ನಡಿ ಹಿಡಿದೇ ಆಡಿದೆ. ಮೈ ತಪಾಸಣೆಯ ಬೆತ್ತಲೆ ಚಿತ್ರಗಳು ಬರುತ್ತವೆ. ಮುಚ್ಚಿಡುವ ಆಯ್ಕೆ ಉಂಟು, ಮಕ್ಕಳಿರುವ ಮನೆಯವರು ಮೊದಲು ಅದನ್ನು ಒತ್ತಿ. ಕೊನೆಗಳು ಒಟ್ಟು ಇಪ್ಪತ್ತು ಇವೆ. ನಾನು ನಾಲ್ಕು ನೋಡಿದೆ, ಸಾಕಾಯಿತು.

ಎರಡನೆಯದು ಅದೇ ಪೋಪ್ 2018ರಲ್ಲಿ ತಂದ 'ರಿಟರ್ನ್ ಆಫ್ ದಿ ಓಬ್ರಾ ದಿನ್'. ಓಬ್ರಾ ದಿನ್ ಎಂಬುದು ಹಡಗಿನ ಹೆಸರು. 1802ರಲ್ಲಿ ಲಂಡನ್ನಿನಿಂದ ಹೊರಟು ಕಾಣೆಯಾಗಿ, 1807ರಲ್ಲಿ ಜೀವವಿರುವ ಒಬ್ಬನೂ ಇಲ್ಲದೆ ಇಂಗ್ಲೆಂಡಿನ ಬಂದರಿಗೆ ತೇಲಿ ಬರುತ್ತದೆ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ತನಿಖೆಗಾರರು. (ನಮ್ಮ ಕನ್ನಡ ಜಿಲ್ಲೆ ಆ ಕಂಪನಿಯ ಕೈಗೆ ಬಂದದ್ದು 1799ರಲ್ಲಿ, ಅಂದರೆ ಆ ಕಾಲದ್ದೇ ಕತೆ.) ಹಡಗಿನಲ್ಲಿದ್ದವರು 60 ಮಂದಿ. ಒಬ್ಬೊಬ್ಬರ ಹೆಸರೇನು, ಏನಾದರು, ಯಾರಿಂದ ಸತ್ತರು ಎಂದು ಪುಸ್ತಕದಲ್ಲಿ ತುಂಬಿಸಬೇಕು. ಕೈಯಲ್ಲಿ ಒಂದು ಮಾಯದ ಗಡಿಯಾರ. ಹೆಣದ ಹತ್ತಿರ ಅದನ್ನು ತೆರೆದರೆ ಸಾಯುವ ಮೊದಲಿನ ಮಾತು ಕೇಳುತ್ತದೆ, ಆ ಗಳಿಗೆ ಕಲ್ಲಿನಂತೆ ನಿಂತು ಕಾಣುತ್ತದೆ. ಚಿತ್ರವೆಲ್ಲ ಎರಡೇ ಬಣ್ಣ, ಹಳೆಯ ಪಂಚಾಂಗದ ಅಚ್ಚಿನಂತೆ.

ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಟ್ಯಾಲಿ ಮಾಡುವ ರೀತಿ. ಒಂದು ಉತ್ತರ ಸರಿಯೋ ತಪ್ಪೋ ಆಟ ಹೇಳುವುದಿಲ್ಲ. ಮೂರು ಮಂದಿಯದ್ದು ಸರಿಯಾದಾಗ ಮಾತ್ರ ಆ ಮೂರನ್ನೂ ಅಚ್ಚು ಮಾಡಿಬಿಡುತ್ತದೆ. ಊಹಿಸಿ ದಾಟುವುದು ಕಷ್ಟ. ಅಧಿಕಾರಿಗಳ ಹೆಸರು ಬೇಗ ಸಿಗುತ್ತದೆ, ಯಾಕೆಂದರೆ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಕೊನೆಗೆ ಉಳಿಯುವವರು ಕೆಳಗಿನ ಕೂಲಿ ನಾವಿಕರು, ಅವರಲ್ಲಿ ಭಾರತದವರೂ ಇದ್ದಾರೆ. ಅವರನ್ನು ಮಾತಿನ ಧಾಟಿಯಿಂದ, ತೊಟ್ಟ ಬಟ್ಟೆಯಿಂದ, ಮಲಗುವ ತೂಗುಜೋಲಿಗೆ ಕಟ್ಟಿದ ನಂಬ್ರದಿಂದ ಗುರುತಿಸಬೇಕು. ಒಂದು ಲೆಡ್ಜರಿನಲ್ಲಿ ಹತ್ತು ಪೈಸೆ ಹುಡುಕಲು ರಾತ್ರಿ ಒಂಬತ್ತರವರೆಗೆ ಕುಳಿತವರಿಗೆ ಇದರ ಸುಖ ಗೊತ್ತಾಗುತ್ತದೆ. ಮಧ್ಯದಲ್ಲಿ ಸಮುದ್ರದ ದೈತ್ಯ ಪ್ರಾಣಿಗಳೆಲ್ಲ ಬಂದದ್ದು ನನಗೆ ಅಷ್ಟು ಹಿಡಿಸಲಿಲ್ಲ. ಮನುಷ್ಯರ ದುರಾಸೆ ಒಂದೇ ಸಾಕಿತ್ತು.

ಮೂರನೆಯದು ಚಿಕ್ಕದು, ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹೆಸರು 'ವೆಣ್ಬಾ'. ಕೆನಡಾದ ಟೊರೊಂಟೋದಲ್ಲಿರುವ ವಿಸೈ ಗೇಮ್ಸ್ ಎಂಬ ಸಣ್ಣ ತಂಡ 2023ರಲ್ಲಿ ತಂದದ್ದು. ಎಂಬತ್ತರ ದಶಕದಲ್ಲಿ ತಮಿಳುನಾಡಿನಿಂದ ಕೆನಡಾಕ್ಕೆ ಹೋದ ವೆಣ್ಬಾ, ಅವಳ ಗಂಡ ಪಾವಲನ್, ಅಲ್ಲೇ ಹುಟ್ಟಿದ ಮಗ ಕವಿನ್, ಇವರ ಕತೆ. ವೆಣ್ಬಾಳ ಅಮ್ಮ ಬರೆದುಕೊಟ್ಟ ಅಡುಗೆ ಪುಸ್ತಕ ಉಂಟು, ಆದರೆ ಹಾಳೆ ಹರಿದು, ಕಲೆಯಾಗಿ, ಅಲ್ಲಲ್ಲಿ ಅಳಿಸಿಹೋಗಿದೆ. ಇಡ್ಲಿಯ ತಟ್ಟೆಗಳನ್ನು ಯಾವ ಕ್ರಮದಲ್ಲಿ ಒಂದರ ಮೇಲೊಂದು ಇಡಬೇಕು ಎಂಬುದೇ ಮೊದಲ ಒಗಟು. ಆಮೇಲೆ ಪುಟ್ಟು ಬರುತ್ತದೆ. ನಮ್ಮ ಜಿಲ್ಲೆಯವರಿಗೆ ಅದು ಕಣ್ಣು ಮುಚ್ಚಿಯೂ ಬಂದೀತು. ಮಗ ಶಾಲೆಯಲ್ಲಿ ಕೆವಿನ್ ಆಗುತ್ತಾನೆ, ಮನೆಯ ಬುತ್ತಿ ಬೇಡ ಎನ್ನುತ್ತಾನೆ. ಕತೆಯ ಕೊನೆಯ ಭಾಗದಲ್ಲಿ ದೊಡ್ಡವನಾದ ಕವಿನೇ ಅಡುಗೆಗೆ ನಿಲ್ಲುತ್ತಾನೆ. ಆಗ ಪುಸ್ತಕದಲ್ಲಿ ಅಳಿಸಿಹೋದ ಜಾಗವಲ್ಲದೆ, ಇರುವ ಅಕ್ಷರವೂ ಅವನಿಗೆ ಅರ್ಧಂಬರ್ಧ. ಆಡುವ ನಮಗೂ ಅಷ್ಟೇ ಕಾಣುತ್ತದೆ.

ಆಟವಾಗಿ ನೋಡಿದರೆ ಇದು ಸುಲಭ. ತಪ್ಪಿದರೆ ಮತ್ತೊಮ್ಮೆ ಮಾಡಿದರಾಯಿತು, ದಂಡವಿಲ್ಲ. ಮೂರರಲ್ಲಿ ಇದನ್ನು ಕೊನೆಗಿಡಬೇಕು ಎಂದು ಮೊದಲು ಅಂದುಕೊಂಡಿದ್ದೆ. ಓಣಂ ರಜೆಗೆ ಮೊಮ್ಮಗ ಬಂದಾಗ ಜೊತೆಗೆ ಕುಳಿತು ಇನ್ನೊಮ್ಮೆ ಮುಗಿಸಿದೆವು. ಮುಗಿದ ಮೇಲೆ ಅವನು, "ಅಜ್ಜಿಯದ್ದೂ ಒಂದು ಪುಸ್ತಕ ಇತ್ತಲ್ಲ?" ಎಂದ.

ಇತ್ತು. ಮನೆಯವಳು ತೀರಿಹೋಗಿ ನಾಲ್ಕು ವರ್ಷ. ಪ್ರತಿ ವರ್ಷ ಬ್ಯಾಂಕಿನಿಂದ ನಾನು ತರುತ್ತಿದ್ದ ಡೈರಿಗಳಲ್ಲಿ 1994ರದ್ದನ್ನು ಅವಳು ಅಡುಗೆಗೆ ಇಟ್ಟುಕೊಂಡಿದ್ದಳು. ಅಟ್ಟದಿಂದ ಇಳಿಸಿ ಕೊಟ್ಟೆ. ಹುಡುಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಮಲಯಾಳ ಇಂಗ್ಲಿಷ್ ಓದುತ್ತಾನೆ, ಕನ್ನಡ ಅಕ್ಷರ ಬಾರದು. ಪುಟ ತಿರುಗಿಸಿ ಪುನಃ ನನ್ನ ಕೈಗೇ ಕೊಟ್ಟ. ನಾನು ಪತ್ರೊಡೆಯ ಪುಟ ತೆಗೆದು ಓದಿದೆ. "ಬೆಳ್ತಿಗೆ ಅಕ್ಕಿ ಎರಡು ಕುಡ್ತೆ."

"ಕುಡ್ತೆ ಅಂದ್ರೆ ಎಷ್ಟು ಅಜ್ಜ?"

ನನಗೆ ಓದಲು ಬರುತ್ತದೆ, ಅಳತೆ ಗೊತ್ತಿಲ್ಲ. ನಲುವತ್ತು ವರ್ಷ ಅವಳು ಮಾಡಿದ್ದನ್ನು ತಿಂದವನೇ ಹೊರತು ಅಡುಗೆಮನೆಗೆ ಹೋದವನಲ್ಲ. ಬದಿಯಡ್ಕದ ಅಕ್ಕನಿಗೆ ಫೋನ್ ಮಾಡಿದೆ. "ಒಂದು ಲೋಟದಷ್ಟು ಮಾರಾಯ. ಈ ಪ್ರಾಯದಲ್ಲಿ ನಿನಗೆಂತ ಅಡುಗೆಯ ಹುಚ್ಚು?" ಎಂದು ನಕ್ಕಳು. ಕೆಸುವಿನ ಎಲೆ ತೋಟದಲ್ಲೇ ಇತ್ತು. ಅಕ್ಕಿ, ಮೆಣಸು, ಕೊತ್ತಂಬರಿ, ಬೆಲ್ಲ ಎಲ್ಲದರ ಲೆಕ್ಕವೂ ಸಿಕ್ಕಿತು. ಹುಳಿ ಎಷ್ಟು ಎಂದು ಬರೆದ ಜಾಗದಲ್ಲಿ ಎಣ್ಣೆಯ ಕಲೆ. ಬೆಳಕಿಗೆ ಹಿಡಿದು ನೋಡಿದೆವು, ಕಾಣಲಿಲ್ಲ. ಪುನಃ ಅಕ್ಕನನ್ನು ಕೇಳಲು ನನಗೆ ನಾಚಿಕೆ. ಅಂದಾಜಿಗೆ ಹಾಕಿದೆವು.

ಹುಳಿ ಕಡಿಮೆಯಾದರೆ ಕೆಸು ಬಿಡುತ್ತದೆಯೇ? ಇಬ್ಬರಿಗೂ ರಾತ್ರಿಯೆಲ್ಲ ಗಂಟಲು ತುರಿಕೆ. ಮರುದಿನ ಡೈರಿ ತೆರೆದಾಗ ಆ ಎಣ್ಣೆ ಕಲೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಏನೋ ಬರೆದಿತ್ತು. ಮಾತು ಕನ್ನಡದ್ದೇ, "ಹುಳಿ ಇನ್ನೂ ಎರಡು ಪಾಲು ಹಾಕಬೇಕು" ಎಂದು. ಅಕ್ಷರ ಮಲಯಾಳದ್ದು. ಅದರ ಕೆಳಗೆ ಜಾಗ ಇತ್ತು. ಅವನನ್ನು ಕರೆದು, ಅದೇ ಸಾಲನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ತೋರಿಸಿದೆ. 'ಪಾಲು' ತನಕ ಬಂದಿದ್ದೇವೆ. ಕ್ರಿಸ್ಮಸ್ ರಜೆಗೆ ಬರುತ್ತೇನೆಂದು ಹೇಳಿ ಹೋಗಿದ್ದಾನೆ.