ಬೀರುವಿನಲ್ಲಿ ತೇವ, ಬೆವರು, ಗುಳಿಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟ ಹತ್ತಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಕೆಳಗಿಳಿಯುವುದಿಲ್ಲ. ಒಳಗಿನ ನೀರು ನಿಧಾನವಾಗಿ ಇಂಗಿ, ತೇವ ಶೇ. 7ರ ಆಸುಪಾಸಿಗೆ ಬಂದರೆ ಉಂಡೆ ಕೊಬ್ಬರಿಗೆ ಬೂಷ್ಟಿನ ಭಯವಿಲ್ಲ. ಗಾಳಿಯಾಡದೆ ಏನೂ ಉಳಿಯದು ಎಂಬುದು ಈ ಸೀಮೆಯ ಊರುಗಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಬೀರುವಿನ ಬಟ್ಟೆಗೂ ಇದೇ ಲೆಕ್ಕ. ಮದುವೆ ಸೀರೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟರೆ ಮಳೆಗಾಲದ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಬೀರು ಖಾಲಿ ಮಾಡಿದಾಗ ಮೊದಲು ನೋಡಬೇಕಾದದ್ದು ಕೊಳೆಯನ್ನು. ಹಾರಾಡುವ ನುಸಿಪತಂಗ ಏನೂ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳು. ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನನ್ನು ಗಂಧಕದ ಕೊಂಡಿಗಳು ಬಿಗಿದಿರುವುದರಿಂದ ಬಹುತೇಕ ಪ್ರಾಣಿಗಳಿಗೆ ಅದು ಜೀರ್ಣವಾಗದು. ಈ ಹುಳುವಿನ ಕರುಳಿನ ಕ್ಷಾರರಸ ಆ ಕೊಂಡಿಗಳನ್ನೇ ಕಳಚುತ್ತದೆ. ರೇಷ್ಮೆಯೂ ಪ್ರೋಟೀನೇ. ಆದರೆ ಬರೀ ದಾರ ತಿಂದು ಹುಳು ಚೆನ್ನಾಗಿ ಬೆಳೆಯದು, ಬೆವರಿನ ಉಪ್ಪು, ಪಾಯಸದ ಕಲೆ ಜೊತೆಗಿರಬೇಕು. ಒಮ್ಮೆ ಉಟ್ಟ ಸೀರೆಯನ್ನು ಹಾಗೇ ಮಡಿಸಿಡಬಾರದು ಎನ್ನುವುದು ಇದಕ್ಕೇ. ಹತ್ತಿ ಸೀರೆಗೆ ಗಂಜಿ ಹಾಕಿ ಎತ್ತಿಟ್ಟರೆ ಬೆಳ್ಳಿಮೀನು ಹುಳುವಿಗೆ ಹಬ್ಬ.

ಇನ್ನು ನುಸಿಗುಳಿಗೆ. ನ್ಯಾಫ್ತಲೀನ್ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಇಡುವುದಾದರೆ ಮೇಲಿನ ಹಲಗೆಯಲ್ಲಿ, ಬಟ್ಟೆಗೆ ತಾಗದಂತೆ ಇಡಬೇಕು. ನನಗೆ ನಿಜವಾಗಿ ಆತಂಕ ಇರುವುದು ಬಾಣಂತಿ ಮನೆಯ ಬಗ್ಗೆ. ಹಳೆಯ ಮೆತ್ತನೆ ಸೀರೆಯಲ್ಲಿ ಹಸುಗೂಸನ್ನು ಸುತ್ತುವುದು ನಮ್ಮ ರೂಢಿ. ಆ ಸೀರೆ ಗುಳಿಗೆಯ ಜೊತೆ ವರ್ಷಗಟ್ಟಲೆ ಇದ್ದದ್ದಾದರೆ ಕೂಸಿಗೆ ಅಪಾಯ ಉಂಟು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ಗೊತ್ತಾಗದು. ಹಾಗಾಗಿ ಕೂಸಿನ ಬಟ್ಟೆಯ ಹತ್ತಿರಕ್ಕೂ ಗುಳಿಗೆ ಬೇಡ.

ಜರಿಯ ಶತ್ರು ಬೇರೆ. ಅಸಲಿ ಜರಿ ಚಿನ್ನದ ಲೇಪವಿರುವ ಬೆಳ್ಳಿ. ಗಾಳಿಯಲ್ಲಿರುವ ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡಿನಲ್ಲೂ ಗಂಧಕ ಇರುತ್ತದೆ, ಅದನ್ನು ಸೀರೆಗೆ ಹಾಕಲೇಬಾರದು. ಒಂದೇ ಮಡಿಕೆಯಲ್ಲಿ ವರ್ಷಗಳು ಕಳೆದರೆ ಎಳೆ ಅಲ್ಲೇ ಮುರಿಯುತ್ತದೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ರೇಷ್ಮೆ ಹಳದಿಗಟ್ಟುವುದರಿಂದ ನೆರಳಿನಲ್ಲಿ ಆರಹಾಕಿ. ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಒಣಹವೆ ಸರಿ. ಯಾರೂ ಉಡದ ಬಟ್ಟೆಯನ್ನು ಬೇಕಾದವರಿಗೆ ಕೊಟ್ಟು, ಹಲಗೆಯ ಕಾಲುಭಾಗವಾದರೂ ಖಾಲಿ ಬಿಡಿ. ಸವೆದ ಬಿಳಿ ಪಂಚೆಯನ್ನು ಮಾತ್ರ ಕೊಡಬೇಡಿ, ಒಗೆದು ಒಣಗಿಸಿ ರೇಷ್ಮೆಗೆ ಸುತ್ತಲು ಅದಕ್ಕಿಂತ ಒಳ್ಳೆಯ ಬಟ್ಟೆಯಿಲ್ಲ.